ಕೆಲಸದಲ್ಲಿ ಕೈಗೆ ಪೆಟ್ಟಾಗಿದೆ, ಮುಂದೇನು? ಫಿಸಿಯೋ, ರಜೆ, ಮತ್ತೆ ಡ್ಯೂಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಫಿಸಿಯೋಥೆರಪಿಸ್ಟ್. ನನ್ನ ಹತ್ತಿರ ಬರುವವರಲ್ಲಿ ಪೀಣ್ಯ, ದಾಸರಹಳ್ಳಿ ಕಡೆಯ ಸಣ್ಣ ಕಾರ್ಖಾನೆಗಳವರೇ ಜಾಸ್ತಿ. ಪವರ್ ಪ್ರೆಸ್ಸಿಗೆ ಬೆರಳು ಸಿಕ್ಕಿದವರು, ಲೇತಿನಲ್ಲಿ ಕೈ ಕೊಯ್ದುಕೊಂಡವರು, ಲೋಡ್ ಇಳಿಸುವಾಗ ಬಿದ್ದು ಮಣಿಕಟ್ಟು ಮುರಿದವರು, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು. ಎಲ್ಲರ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. ಅದನ್ನೂ ಹೊರಡುವಾಗ, ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳುತ್ತಾರೆ, ಆಗ ನನಗೂ ಪೂರ್ತಿ ಹೇಳಲು ಆಗುವುದಿಲ್ಲ. ಅದಕ್ಕೆ ಇಲ್ಲಿ ನಿಧಾನವಾಗಿ ಬರೆದಿಟ್ಟಿದ್ದೇನೆ. ಕೈಯ ವಿಷಯವೇ ಹೆಚ್ಚು, ಕೊನೆ ಕಡೆ ಸೊಂಟದ ಬಗ್ಗೆಯೂ ಸ್ವಲ್ಪ ಇದೆ. ನಿಮ್ಮ ಎಕ್ಸ್‌ರೇ ನೋಡಿರುವುದು ನಿಮ್ಮ ಡಾಕ್ಟರು. ಅವರು ಇದಕ್ಕಿಂತ ಬೇರೆ ಹೇಳಿದ್ದರೆ ಅವರ ಮಾತನ್ನೇ ಕೇಳಿ.

ನೋವು ಪೂರ್ತಿ ಹೋದ ಮೇಲೆ ಫಿಸಿಯೋಗೆ ಬಂದರೆ ಆಗಲ್ವಾ ಮೇಡಂ?

ಆಗಲ್ಲ. ದಯವಿಟ್ಟು ಕಾಯಬೇಡಿ. ಈ ಪುಟದಲ್ಲಿ ಒಂದೇ ಉತ್ತರ ಓದಲು ಟೈಮ್ ಇದೆ ಅಂದರೆ ಇದನ್ನು ಓದಿ.

ಬೆರಳಿನ ಗೆಣ್ಣುಗಳು ತುಂಬಾ ಬೇಗ ಬಿಗಿಯುತ್ತವೆ. ಪೆಟ್ಟಾದ ಕೈ ಊದಿಕೊಳ್ಳುತ್ತದೆ, ಊತದ ನೀರು ಅಲ್ಲೇ ನಿಂತರೆ ಸುತ್ತಲಿನ ಪದರಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆಡಿಸದೆ ಬಿಟ್ಟರೆ ಕೆಲವೇ ವಾರಗಳಲ್ಲಿ ಗೆಣ್ಣು ಮಡಚುವುದೇ ಇಲ್ಲ. ಮೂಳೆ ಕೂಡಿದೆ ಅಂತ ಎಕ್ಸ್‌ರೇ ಹೇಳುತ್ತದೆ, ಆದರೆ ಕೈಯಲ್ಲಿ ಸ್ಪ್ಯಾನರ್ ನಿಲ್ಲುವುದಿಲ್ಲ. ಒಬ್ಬ ಪ್ರೆಸ್ ಆಪರೇಟರ್ ಅಣ್ಣ ಮೂರು ತಿಂಗಳು ಕೈಯನ್ನು ಎದೆಗೆ ಕಟ್ಟಿಕೊಂಡೇ ಇದ್ದು ಆಮೇಲೆ ಬಂದರು. ಮುರಿದಿದ್ದು ಬರೀ ತೋರುಬೆರಳು. ಬರುವಷ್ಟರಲ್ಲಿ ನಾಲ್ಕು ಬೆರಳೂ ಬಿಗಿದಿದ್ದವು, ಭುಜವನ್ನು ಎತ್ತಿ ಶರ್ಟ್ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. "ಡಾಕ್ಟರು ರೆಸ್ಟ್ ಅಂದ್ರು, ಅದಕ್ಕೆ ಅಲ್ಲಾಡಿಸಲೇ ಇಲ್ಲ" ಅಂದರು. ರೆಸ್ಟ್ ಅಂದರೆ ಕೆಲಸಕ್ಕೆ ರೆಸ್ಟ್, ಪೆಟ್ಟಾದ ಜಾಗಕ್ಕೆ ರೆಸ್ಟ್. ಉಳಿದ ಬೆರಳು, ಮೊಣಕೈ, ಭುಜ ಮೊದಲ ದಿನದಿಂದಲೇ ಆಡುತ್ತಿರಬೇಕು. ಇದನ್ನು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ಆ ಭುಜ ಸರಿಹೋಗಲು ಬೆರಳಿಗಿಂತ ಜಾಸ್ತಿ ದಿನ ಹಿಡಿಯಿತು.

ಹಾಗಾದರೆ ಯಾವಾಗ ಶುರು ಮಾಡಬೇಕು?

ಏನು ಪೆಟ್ಟಾಗಿದೆ ಅನ್ನುವುದರ ಮೇಲೆ ಹೋಗುತ್ತದೆ. ಬ್ಯಾಂಡೇಜು ಅಥವಾ ಪಿಒಪಿ ಹಾಕಿದ ದಿನವೇ "ಫಿಸಿಯೋ ಯಾವಾಗಿಂದ?" ಅಂತ ಡಾಕ್ಟರನ್ನು ಕೇಳಿಬಿಡಿ. ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ.

ಮಣಿಕಟ್ಟು ಮುರಿದು ಪಿಒಪಿ ಹಾಕಿದ್ದರೆ ಸಾಮಾನ್ಯವಾಗಿ 6 ವಾರದ ಹೊತ್ತಿಗೆ ಬಿಚ್ಚುತ್ತಾರೆ. ಆ ಆರು ವಾರವೂ ಹೊರಗೆ ಕಾಣುವ ಬೆರಳುಗಳನ್ನು ಎಚ್ಚರ ಇರುವಾಗ ಗಂಟೆಗೊಮ್ಮೆಯಾದರೂ ಪೂರ್ತಿ ಮಡಚಿ ಬಿಚ್ಚಿ. ಕೈಯನ್ನು ಎದೆಗಿಂತ ಮೇಲೆ ಇಡಿ, ಮಲಗುವಾಗ ಎರಡು ದಿಂಬಿನ ಮೇಲೆ ಇಟ್ಟುಕೊಳ್ಳಿ. ಕೈ ಕೆಳಗೆ ಜೋತಾಡಿಸಿಕೊಂಡು ಓಡಾಡಿದರೆ ಊತ ಇಳಿಯುವುದಿಲ್ಲ.

ಟೆಂಡನ್ (ಬೆರಳನ್ನು ಎಳೆಯುವ ಹುರಿ) ತುಂಡಾಗಿ ಹೊಲಿದಿದ್ದರೆ ಕಥೆಯೇ ಬೇರೆ. ಇಲ್ಲಿ ನೀವಾಗಿಯೇ ಏನೂ ಮಾಡಬೇಡಿ. ಹೊಲಿದ ಟೆಂಡನ್ ಮೊದಲ ವಾರಗಳಲ್ಲಿ ತುಂಬಾ ಬಲಹೀನವಾಗಿರುತ್ತದೆ, ಒಂದು ಸಲ ಗಟ್ಟಿಯಾಗಿ ಮುಷ್ಟಿ ಹಿಡಿದರೆ ಕಿತ್ತುಹೋಗಬಹುದು. ಹಾಗಂತ ಅಲ್ಲಾಡಿಸದೆ ಬಿಟ್ಟರೆ ಅಂಟಿಕೊಳ್ಳುತ್ತದೆ. ಅದಕ್ಕೇ ಸ್ಪ್ಲಿಂಟ್ (ಕೈಗೆ ಆಸರೆ ಕೊಡುವ ಪಟ್ಟಿ) ಹಾಕಿ, ಅದರೊಳಗೇ ಇಷ್ಟೇ ಇಷ್ಟು ಅಂತ ಲೆಕ್ಕವಾಗಿ ಆಡಿಸುವುದನ್ನು ಮೊದಲ ವಾರದಿಂದಲೇ ಕಲಿಸುತ್ತೇವೆ. ಸಣ್ಣಪುಟ್ಟ ಬಳಕೆಗೆ ಸುಮಾರು 6 ವಾರ, ಭಾರ ಎತ್ತಲು 12 ವಾರ ಅಂತ ಇಟ್ಟುಕೊಳ್ಳಿ. 8ನೇ ವಾರಕ್ಕೆ ಕೈ ಚೆನ್ನಾಗಿದೆ ಅನಿಸಿ ಗ್ಯಾಸ್ ಸಿಲಿಂಡರ್ ಎತ್ತಿ, ಮತ್ತೆ ಆಪರೇಷನ್‌ಗೆ ಹೋದವರನ್ನು ನೋಡಿದ್ದೇನೆ.

"ನರ ಕಟ್ ಆಗಿದೆ" ಅಂದರು. ಎಷ್ಟು ದಿನ ಬೇಕು?

ಯಾವ ನರ ಅಂತ ಮೊದಲು ಕೇಳಿ. ನಮ್ಮ ಮಾತಿನಲ್ಲಿ ಬೆರಳು ಎಳೆಯುವ ಟೆಂಡನ್ನಿಗೂ ನರ ಅನ್ನುತ್ತೇವೆ, ಸ್ಪರ್ಶ ತಿಳಿಸುವ ನರ್ವಿಗೂ ನರ ಅನ್ನುತ್ತೇವೆ, ಕೆಲವರು ರಕ್ತನಾಳಕ್ಕೂ ಅದನ್ನೇ ಅನ್ನುತ್ತಾರೆ. ಮೂರರ ಲೆಕ್ಕವೂ ಬೇರೆ ಬೇರೆ. ಟೆಂಡನ್ನಿನ ಲೆಕ್ಕ ಮೇಲೆ ಹೇಳಿದೆ. ನರ್ವ್ ಆದರೆ, ಹೊಲಿದ ಮೇಲೆ ಅದು ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್ ಬೆಳೆಯುತ್ತದೆ, ಅಷ್ಟೇ. ಮಣಿಕಟ್ಟಿನ ಹತ್ತಿರ ತುಂಡಾಗಿದ್ದರೆ ಬೆರಳ ತುದಿಗೆ ಮುಟ್ಟಲು ಆರು ತಿಂಗಳು ಬೇಕು. ನಡುವೆ ಜುಮ್ ಅನ್ನುವುದು, ಇರುವೆ ಹರಿದ ಹಾಗೆ ಆಗುವುದು ಸಹಜ, ಎಷ್ಟೋ ಸಲ ಅದು ನರ್ವ್ ಬೆಳೆಯುತ್ತಿರುವ ಗುರುತು.

ಸ್ಪರ್ಶ ಬರುವ ತನಕ ಆ ಬೆರಳನ್ನು ಕಣ್ಣಿನಿಂದ ಕಾಯಬೇಕು. ಬಿಸಿ ಲೋಟ, ಬೈಕಿನ ಸೈಲೆನ್ಸರ್, ಲೋಹದ ಚೂಪು ಅಂಚು ಯಾವುದೂ ಅದಕ್ಕೆ ಗೊತ್ತಾಗುವುದಿಲ್ಲ. ಬೊಬ್ಬೆ ಎದ್ದ ಮೇಲೆ ಸುಟ್ಟಿದ್ದು ತಿಳಿಯುತ್ತದೆ.

ನೋವಾದರೂ ಮಾಡಬೇಕಾ?

ಸ್ವಲ್ಪ ನೋವು ಪರವಾಗಿಲ್ಲ. ಹತ್ತಕ್ಕೆ ಎಷ್ಟು ನೋವು ಅಂತ ನಿಮಗೆ ನೀವೇ ಮಾರ್ಕ್ ಕೊಟ್ಟುಕೊಳ್ಳಿ. 3 ಅಥವಾ 4ರ ಒಳಗಿದ್ದರೆ ಮುಂದುವರಿಸಿ. ಅದಕ್ಕಿಂತ ಮುಖ್ಯ ಮರುದಿನ ಬೆಳಿಗ್ಗೆ. ಎದ್ದಾಗ ಕೈ ನಿನ್ನೆಯಷ್ಟೇ ಇದ್ದರೆ ಅಥವಾ ಹಗುರವಾಗಿದ್ದರೆ ನೀವು ಮಾಡಿದ್ದು ಸರಿ. ನಿನ್ನೆಗಿಂತ ಜಾಸ್ತಿ ಊದಿದ್ದರೆ ನಿನ್ನೆ ಜಾಸ್ತಿ ಮಾಡಿದ್ದೀರಿ. ನಿಲ್ಲಿಸಬೇಡಿ, ಅರ್ಧಕ್ಕೆ ಇಳಿಸಿ.

ಆದರೆ ಬೇರೆಯವರ ಕೈಗೆ ಕೊಟ್ಟು ಎಳೆಸಿಕೊಳ್ಳಬೇಡಿ. ಎಣ್ಣೆ ಹಚ್ಚಿ ಗಟ್ಟಿಯಾಗಿ ಉಜ್ಜುವುದು, ಬೆರಳು ಹಿಡಿದು ಲಟಕ್ ಅನಿಸುವುದು ಬೇಡ. ಮನೆಯವರು ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಬಲವಂತ ಮಾಡಿದಷ್ಟೂ ಗೆಣ್ಣು ಊದಿ ಇನ್ನಷ್ಟು ಬಿಗಿಯುತ್ತದೆ.

ಪುತ್ತೂರು ಕಟ್ಟು ಹಾಕಿಸಿದರೆ ಬೇಗ ಕೂಡುತ್ತೆ ಅಂತಾರೆ, ಹೌದಾ?

ಆಂಧ್ರದ ಪುತ್ತೂರಿನ ಕಟ್ಟು (ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ) ಬೆಂಗಳೂರಿನ ಗಲ್ಲಿಗಲ್ಲಿಯಲ್ಲೂ ಬೋರ್ಡು ಹಾಕಿಕೊಂಡಿದೆ. ನಮ್ಮ ಹಿರಿಯರು ನಂಬಿದ್ದು, ಖರ್ಚೂ ಕಡಿಮೆ, ಆಪರೇಷನ್ ಅಂದರೆ ಭಯ, ಅದಕ್ಕೆ ಹೋಗುತ್ತಾರೆ. ಅದು ನನಗೆ ಅರ್ಥವಾಗುತ್ತದೆ. ಆದರೆ ಯಂತ್ರಕ್ಕೆ ಸಿಕ್ಕಿದ ಕೈಗೆ ಅದು ಬೇಡ ಅಂತ ಖಂಡಿತವಾಗಿ ಹೇಳುತ್ತೇನೆ. ಪ್ರೆಸ್ಸಿಗೆ ಸಿಕ್ಕಿದ ಬೆರಳಿನಲ್ಲಿ ಮುರಿದಿರುವುದು ಮೂಳೆ ಮಾತ್ರವಲ್ಲ, ರಕ್ತನಾಳ, ನರ್ವ್, ಟೆಂಡನ್ ಎಲ್ಲಕ್ಕೂ ಏಟು ಬಿದ್ದಿರುತ್ತದೆ. ಊದುತ್ತಿರುವ ಕೈಗೆ ಬಿಗಿಯಾಗಿ ಬಿದಿರುಪಟ್ಟಿ ಕಟ್ಟಿದರೆ ರಕ್ತ ಓಡಾಡದೆ ಬೆರಳೇ ಕಪ್ಪಾಗಬಹುದು. ಈಗಾಗಲೇ ಕಟ್ಟಿಸಿದ್ದರೆ ಬೈಯುವುದಿಲ್ಲ, ಬನ್ನಿ. ಬೆರಳು ತಣ್ಣಗಾಗಿದೆ, ನೀಲಿಯಾಗಿದೆ, ಜೋಮು ಹಿಡಿದಿದೆ ಅಂದರೆ ಈಗಲೇ ಕಟ್ಟು ಸಡಿಲಿಸಿ ಆಸ್ಪತ್ರೆಗೆ ಹೋಗಿ.

ಕರೆಂಟ್, ಮಷೀನ್ ಹಾಕಿಸಿಕೊಂಡರೆ ಸಾಕಲ್ವಾ?

ಸಾಕಾಗಲ್ಲ. ಮೇಣದ ಶಾಖ, ಕರೆಂಟ್, ಅಲ್ಟ್ರಾಸೌಂಡ್ ಎಲ್ಲ ಕೈಯನ್ನು ತಯಾರು ಮಾಡಲು, ನೋವು ಸ್ವಲ್ಪ ತಗ್ಗಿಸಲು. ಬೆರಳು ಮಡಚುವುದು ನೀವು ಮಡಚಿದಾಗಲೇ. ಕ್ಲಿನಿಕ್ಕಿನಲ್ಲಿ ನೀವು ಇರುವುದು ಮುಕ್ಕಾಲು ಗಂಟೆ, ದಿನದ ಉಳಿದ ಹೊತ್ತೆಲ್ಲ ನಿಮ್ಮ ಕೈ ನಿಮ್ಮ ಹತ್ತಿರವೇ ಇರುತ್ತದೆ. ಬರೀ ಮಷೀನ್ ಹಾಕಿ, ಮನೆಯಲ್ಲಿ ಮಾಡಲು ಏನೂ ಕಲಿಸದೆ ಕಳಿಸುವ ಕಡೆ ದುಡ್ಡು ಹಾಕಬೇಡಿ.

ಮನೆಯಲ್ಲಿ ಏನೇನು ಮಾಡಬಹುದು? ಏನಾದರೂ ಕೊಳ್ಳಬೇಕಾ?

ಏನೂ ಕೊಳ್ಳಬೇಕಿಲ್ಲ, ಅಡುಗೆಮನೆ ಸಾಕು. ಗಾಯ ಪೂರ್ತಿ ಮಾಗಿದೆ, ಆಡಿಸಬಹುದು ಅಂತ ಹೇಳಿಸಿಕೊಂಡ ಮೇಲೆ ಮಾತ್ರ ಇದು.

ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಐದು-ಹತ್ತು ನಿಮಿಷ ಕೈ ಇಡಿ, ನೀರಿನೊಳಗೇ ಮಡಚಿ ಬಿಚ್ಚಿ. ಸ್ಪರ್ಶ ಇಲ್ಲದ ಕೈಯಾದರೆ ನೀರಿನ ಬಿಸಿಯನ್ನು ಇನ್ನೊಂದು ಕೈಯಲ್ಲಿ ನೋಡಿ. ಆಮೇಲೆ ಚಪಾತಿ ಹಿಟ್ಟು. ಒಂದು ಉಂಡೆ ತಗೊಂಡು ಹಿಸುಕಿ, ಬೆರಳಿಂದ ಚಿವುಟಿ, ಹಾವಿನ ಹಾಗೆ ಉದ್ದಕ್ಕೆ ಹೊಸೆಯಿರಿ. ಮೊದಲು ಮೆತ್ತಗಿನ ಹಿಟ್ಟು, ವಾರ ಕಳೆದಂತೆ ಪೂರಿ ಹಿಟ್ಟಿನ ಹಾಗೆ ಗಟ್ಟಿ. ಬಟ್ಟೆಗೆ ಹಾಕುವ ಕ್ಲಿಪ್ಪನ್ನು ಹೆಬ್ಬೆರಳು ಮತ್ತು ಒಂದೊಂದೇ ಬೆರಳಿನಿಂದ ಒತ್ತಿ ತಂತಿಗೆ ಹಾಕಿ ತೆಗೆಯಿರಿ. ಕಡಲೆಕಾಳನ್ನು ಒಂದೊಂದಾಗಿ ಹೆಕ್ಕಿ ಲೋಟಕ್ಕೆ ಹಾಕಿ. ಒದ್ದೆ ಟವೆಲ್ ಹಿಂಡಿ.

ಬೆರಳ ತುದಿ ಕತ್ತರಿಸಿ ಹೋದವರಿಗೆ ಇನ್ನೊಂದು ತೊಂದರೆ ಇರುತ್ತದೆ. ಗಾಳಿ ತಾಗಿದರೂ ಚುಳ್ ಅನ್ನುತ್ತದೆ, ಅದಕ್ಕೆ ಆ ಬೆರಳನ್ನು ಎತ್ತಿಹಿಡಿದುಕೊಂಡೇ ಇರುತ್ತಾರೆ, ಕೊನೆಗೆ ಅದು ಇದ್ದೂ ಇಲ್ಲದ ಹಾಗೆ ಆಗುತ್ತದೆ. ಅದಕ್ಕೆ ಒಂದು ಅಗಲ ಪಾತ್ರೆಯಲ್ಲಿ ರಾಗಿ ಹಾಕಿಕೊಂಡು ಕೈ ಮುಳುಗಿಸಿ ಆಡಿಸಿ. ಶುರುವಿಗೆ ಹತ್ತಿ, ರೇಷ್ಮೆ ಬಟ್ಟೆಯಿಂದ ಮೆಲ್ಲಗೆ ಸವರಿ, ನಂತರ ಟವೆಲ್, ನಂತರ ರಾಗಿ, ಆಮೇಲೆ ಅಕ್ಕಿ, ಕೊನೆಗೆ ಕಡಲೆ. ದಿನಕ್ಕೆ ನಾಲ್ಕೈದು ಸಲ, ಒಂದು ಸಲಕ್ಕೆ ಐದು ನಿಮಿಷ. ಆ ತುದಿ ಮುಟ್ಟುವುದಕ್ಕೆ ಒಗ್ಗಿಕೊಳ್ಳುತ್ತದೆ. ನನಗೆ ತುಂಬಾ ಇಷ್ಟವಾದ ಚಿಕಿತ್ಸೆ ಇದು, ಏಕೆಂದರೆ ಹದಿನೈದು ದಿನದಲ್ಲೇ ಬದಲಾವಣೆ ಕಂಡು ಜನರಿಗೆ ಧೈರ್ಯ ಬರುತ್ತದೆ. ರಾಗಿಯನ್ನು ಅದಕ್ಕೇ ಅಂತ ಬೇರೆ ಎತ್ತಿಡಿ.

ಬೀಡಿ, ಸಿಗರೇಟು ಬಿಡಿ. ಅದು ರಕ್ತನಾಳವನ್ನು ಕಿರಿದು ಮಾಡುತ್ತದೆ, ಮೂಳೆಯೂ ನಿಧಾನವಾಗಿ ಕೂಡುತ್ತದೆ. ಶುಗರ್ ಇದ್ದರೆ ಅದನ್ನೂ ಹತೋಟಿಯಲ್ಲಿಡಿ.

ಏನು ಕಂಡರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಬೇಕು?

ಪಿಒಪಿ ಒಳಗೆ ನೋವು ಏರುತ್ತಲೇ ಇದೆ, ಬೆರಳು ಬಿಳಿಚಿದೆ ಅಥವಾ ಜೋಮು ಹಿಡಿದಿದೆ ಅಂದರೆ ರಾತ್ರಿಯಾದರೂ ಹೊರಡಿ. ಗಾಯದಿಂದ ಕೀವು, ವಾಸನೆ, ಜ್ವರ ಬಂದರೂ ಅಷ್ಟೇ. ಹೊಲಿದ ಟೆಂಡನ್ "ಟಕ್" ಅಂದು ಬೆರಳು ಮಡಚುವುದು ನಿಂತರೂ ಅಷ್ಟೇ.

ಇನ್ನೊಂದು ನಿಧಾನವಾಗಿ ಬರುತ್ತದೆ, ಜನ ಗಮನಿಸುವುದಿಲ್ಲ. ಪೆಟ್ಟಿಗೆ ಮೀರಿದ ನೋವು, ಉರಿ, ಕೈ ಕೆಂಪಾಗಿ ಮಿರಮಿರ ಹೊಳೆಯುವುದು ಅಥವಾ ತಣ್ಣಗೆ ನೀಲಿಯಾಗುವುದು, ಒಂದೇ ಕೈ ಬೆವರುವುದು, ಬಟ್ಟೆ ತಾಗಿದರೂ ತಡೆಯಲಾಗದಿರುವುದು. ಇದಕ್ಕೆ ಸಿಆರ್‌ಪಿಎಸ್ ಅನ್ನುತ್ತಾರೆ. ಬೇಗ ಹಿಡಿದರೆ ಒಳ್ಳೆಯದು. "ನಾಟಕ ಮಾಡ್ತಾನೆ" ಅಂತ ಮನೆಯಲ್ಲೂ ಕಂಪನಿಯಲ್ಲೂ ಅನ್ನಿಸಿಕೊಂಡವರು ಇದ್ದಾರೆ. ಅದು ನಾಟಕ ಅಲ್ಲ.

ಇಎಸ್‌ಐ ಇದೆ. ರಜೆಯಲ್ಲಿ ಸಂಬಳ ಸಿಗುತ್ತಾ?

ಕಂಪನಿ ಸಂಬಳ ಅಲ್ಲ, ಇಎಸ್‌ಐನಿಂದ (ನೌಕರರ ರಾಜ್ಯ ವಿಮೆ) ದುಡ್ಡು ಬರುತ್ತದೆ. ತಿಂಗಳ ಸಂಬಳ 21,000 ರೂಪಾಯಿ ತನಕ ಇರುವವರು ಇದರೊಳಗೆ ಬರುತ್ತಾರೆ, ಅಂಗವೈಕಲ್ಯ ಇರುವವರಿಗೆ ಆ ಮಿತಿ 25,000. ಕೆಲಸದಲ್ಲಿ ಪೆಟ್ಟಾಗಿ ದುಡಿಯಲು ಆಗದಿದ್ದರೆ ನಿಮ್ಮ ಸರಾಸರಿ ದಿನಗೂಲಿಯ ಶೇ 90ರಷ್ಟು ಸಿಗುತ್ತದೆ. ದಿನಕ್ಕೆ 600 ಅಂದರೆ 540. ಅಪಘಾತದ ದಿನ ಬಿಟ್ಟು ಕನಿಷ್ಠ 3 ದಿನ ಕೆಲಸ ಮಾಡಲು ಆಗದಿದ್ದರೆ ಸಾಕು, ಆಮೇಲೆ ಡಾಕ್ಟರು ಸರ್ಟಿಫಿಕೇಟ್ ಕೊಡುವಷ್ಟು ದಿನವೂ ಬರುತ್ತದೆ. ಸೇರಿದ ಮೊದಲ ದಿನವೇ ಪೆಟ್ಟಾದರೂ ಹಕ್ಕಿದೆ. "ಇನ್ನೂ ಆರು ತಿಂಗಳು ಆಗಿಲ್ಲ, ನಿನಗೆ ಇಲ್ಲ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಕೆಲಸದ ಪೆಟ್ಟಿಗೆ ಅಂಥ ಲೆಕ್ಕ ಇಲ್ಲ.

ಆಸ್ಪತ್ರೆ, ಆಪರೇಷನ್, ಫಿಸಿಯೋ ಎಲ್ಲ ಇಎಸ್‌ಐನಲ್ಲಿ ಉಚಿತ. ಬೆಂಗಳೂರಿನಲ್ಲಿ ರಾಜಾಜಿನಗರ, ಪೀಣ್ಯ, ಇಂದಿರಾನಗರದಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ, ಕಲಬುರಗಿಯಲ್ಲಿ ಮೆಡಿಕಲ್ ಕಾಲೇಜೇ ಇದೆ. ಸರ್ಟಿಫಿಕೇಟ್ ನಡುವೆ ಒಂದು ದಿನವೂ ಗ್ಯಾಪ್ ಬಿಡಬೇಡಿ. ಗ್ಯಾಪ್ ಬಿದ್ದ ದಿನದ ದುಡ್ಡಿಗೆ ಅಲೆದಾಡಬೇಕಾಗುತ್ತದೆ. ಏನೇ ಅನುಮಾನ ಇದ್ದರೂ ಇಎಸ್‌ಐನ ಉಚಿತ ನಂಬರ್ 1800-11-2526ಗೆ ಫೋನ್ ಮಾಡಿ ಕೇಳಿ.

ಮನೆಯಲ್ಲಿ ಬಿದ್ದೆ ಅಂತ ಹೇಳು, ಖರ್ಚು ನಾವು ನೋಡ್ಕೊಳ್ತೀವಿ ಅಂತ ಓನರ್ ಹೇಳ್ತಿದ್ದಾರೆ. ಏನು ಮಾಡಲಿ?

ಹಾಗೆ ಹೇಳಬೇಡಿ. ನನಗೆ ತುಂಬಾ ಬೇಜಾರು ತರುವ ವಿಷಯ ಇದು. ಓನರ್ ಒಳ್ಳೆಯವರೇ ಇರಬಹುದು, ಮೊದಲ ಬಿಲ್ ಕಟ್ಟಿಯೂ ಕಟ್ಟಬಹುದು. ಆದರೆ ಕೈಯ ಚಿಕಿತ್ಸೆ ಒಂದು ಬಿಲ್ಲಿಗೆ ಮುಗಿಯುವುದಿಲ್ಲ. ಮೂರನೇ ತಿಂಗಳು ಎರಡನೇ ಆಪರೇಷನ್ ಬೇಕು ಅಂದಾಗ ಫೋನ್ ಎತ್ತುವುದಿಲ್ಲ, ಆಗ ನಿಮ್ಮ ಹತ್ತಿರ ಇರುವುದು "ಬಾತ್‌ರೂಮಿನಲ್ಲಿ ಜಾರಿ ಬಿದ್ದೆ" ಅನ್ನುವ ಕಾಗದ ಮಾತ್ರ.

ಎಮರ್ಜೆನ್ಸಿಯಲ್ಲಿ ಡಾಕ್ಟರು "ಹೇಗಾಯ್ತು?" ಅಂತ ಕೇಳಿದಾಗ ನಡೆದದ್ದನ್ನೇ ಹೇಳಿ: ಇಂಥ ದಿನ, ಇಷ್ಟು ಗಂಟೆಗೆ, ಇಂಥ ಮಷೀನಿನಲ್ಲಿ. ಆ ಮೊದಲ ಚೀಟಿ ಎಲ್ಲಕ್ಕಿಂತ ಮುಖ್ಯ ದಾಖಲೆ. ನೀವು ಪ್ರಜ್ಞೆ ತಪ್ಪಿದ್ದರೆ ಜೊತೆಗೆ ಹೋದವರು ಹೇಳಬೇಕು. ಕಂಪನಿ ತನ್ನ ಅಪಘಾತ ಪುಸ್ತಕದಲ್ಲಿ ಬರೆದು, 24 ಗಂಟೆಯೊಳಗೆ ಇಎಸ್‌ಐಗೆ ವರದಿ ಕಳಿಸಬೇಕು. ಕಳಿಸಿದ್ದರ ಪ್ರತಿ ಕೇಳಿ. ಕೊಡದಿದ್ದರೆ ನೀವೇ ಒಂದು ಬಿಳಿ ಹಾಳೆಯಲ್ಲಿ ಬರೆದು ಇಎಸ್‌ಐ ಬ್ರಾಂಚ್ ಆಫೀಸಿಗೆ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಯೂನಿಫಾರ್ಮು, ಹಾಜರಿ, ಶಿಫ್ಟಿನ ವಾಟ್ಸಾಪ್ ಮೆಸೇಜ್ ಎಲ್ಲ ಇಟ್ಟುಕೊಳ್ಳಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ. ರಾಜೀನಾಮೆ ಬರೆದುಕೊಡು ಅಂದರೂ ಬೇಡ.

ಇಎಸ್‌ಐ ಇಲ್ಲ. ಹಾಗಾದರೆ ಏನೂ ಇಲ್ವಾ?

ಇದೆ. ಇಎಸ್‌ಐ ಇಲ್ಲದ ಕಡೆ ಪರಿಹಾರ ಕೊಡುವುದು ಮಾಲೀಕರ ಹೊಣೆ. ಹಿಂದೆ ಇದು 1923ರ ನೌಕರರ ಪರಿಹಾರ ಕಾಯ್ದೆಯಲ್ಲಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಮೇಲೆ ಇದೂ 1948ರ ಇಎಸ್‌ಐ ಕಾಯ್ದೆಯೂ ಅದರೊಳಗೆ ಸೇರಿವೆ. ಆಫೀಸಿನಲ್ಲಿ ಹಳೇ ಹೆಸರು ಹೇಳಿದರೂ ಹೊಸ ಹೆಸರು ಹೇಳಿದರೂ ಗಾಬರಿ ಬೇಡ. ತಾತ್ಕಾಲಿಕವಾಗಿ ದುಡಿಯಲಾಗದಿದ್ದರೆ ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಶೇ 25, ಅಂದರೆ ತಿಂಗಳಿಗೆ ಅರ್ಧ ಸಂಬಳ. ಚಿಕಿತ್ಸೆಯ ಖರ್ಚನ್ನೂ ಮಾಲೀಕರು ಕೊಡಬೇಕು. ಫಿಸಿಯೋ ರಸೀದಿಯೂ ಅದರಲ್ಲಿ ಬರುತ್ತದೆ, ಒಂದೂ ಬಿಸಾಡಬೇಡಿ. ಕ್ಲೇಮ್ ಹಾಕಲು 2 ವರ್ಷದ ಗಡುವಿದೆ.

ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. ಕೈಗಾರಿಕಾ ಕಾರ್ಮಿಕರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುವುದು ಕೋರ್ಟಿನ ಆವರಣದಲ್ಲೇ. ಫೋನ್ ನಂಬರ್ 15100. ಕಟ್ಟಡ ಕೆಲಸದವರು ಕಾರ್ಮಿಕ ಕಲ್ಯಾಣ ಮಂಡಳಿಯ ಕಾರ್ಡ್ ಇದ್ದರೆ ಅಲ್ಲೂ ಅರ್ಜಿ ಹಾಕಿ.

ಡ್ಯೂಟಿಗೆ ಹೋಗುವ ದಾರಿಯಲ್ಲಿ ಬೈಕಿಂದ ಬಿದ್ದೆ. ಇದೂ ಲೆಕ್ಕಕ್ಕೆ ಬರುತ್ತಾ?

ಬರುತ್ತದೆ. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವಾಗ ಆದ ಅಪಘಾತವೂ ಸಮಯ, ಜಾಗ ಹೊಂದಿಕೆಯಾದರೆ ಕೆಲಸದ ಅಪಘಾತವೇ. ಇಎಸ್‌ಐನಲ್ಲಿ ಇದು 2010ರಿಂದ ಇದೆ. ಪೊಲೀಸ್ ದೂರಿನ ಪ್ರತಿ ಇಟ್ಟುಕೊಳ್ಳಿ.

ಬೆರಳು ಹೋಗಿದೆ. ಪರ್ಮನೆಂಟ್ ಪರಿಹಾರ ಹೇಗೆ? ಕೆಲಸಕ್ಕೆ ಹೋದರೆ ಅದು ನಿಂತುಹೋಗುತ್ತಾ?

ನಿಲ್ಲುವುದಿಲ್ಲ. ಇಎಸ್‌ಐನಲ್ಲಿ ಮೆಡಿಕಲ್ ಬೋರ್ಡ್ ನೋಡಿ ದುಡಿಯುವ ಶಕ್ತಿ ಎಷ್ಟು ಕಡಿಮೆಯಾಗಿದೆ ಅಂತ ಶೇಕಡಾ ಹಾಕುತ್ತದೆ. ಕಾನೂನಿನ ಪಟ್ಟಿಯಲ್ಲಿ ಪೂರ್ತಿ ಹೆಬ್ಬೆರಳಿಗೆ ಶೇ 30, ತೋರುಬೆರಳಿಗೆ 14, ಮಧ್ಯದ ಬೆರಳಿಗೆ 12, ಉಂಗುರದ ಅಥವಾ ಕಿರುಬೆರಳಿಗೆ 7 ಅಂತ ಇದೆ. ಒಂದೇ ಕೈಯ ನಾಲ್ಕು ಬೆರಳೂ ಹೋದರೆ 50. ಆ ಲೆಕ್ಕದಂತೆ ಬರುವ ದುಡ್ಡು ಜೀವನ ಪೂರ್ತಿ ಬರುತ್ತದೆ, ನೀವು ಮತ್ತೆ ಕೆಲಸ ಮಾಡುತ್ತಿದ್ದರೂ. ಶೇಕಡಾ ಕಡಿಮೆ ಅನಿಸಿದರೆ ಮೇಲ್ಮನವಿ ಇದೆ.

ಬೆರಳು ಇದ್ದೂ ಮಡಚದಿದ್ದರೆ ಅದೂ ನಷ್ಟವೇ. ಬೋರ್ಡಿಗೆ ಹೋಗುವಾಗ ನಿಮ್ಮ ಫಿಸಿಯೋ ಹತ್ತಿರ ಗೆಣ್ಣು ಎಷ್ಟು ಡಿಗ್ರಿ ಮಡಚುತ್ತದೆ, ಹಿಡಿತ ಎಷ್ಟು ಕೆಜಿ ಅಂತ ಅಳತೆ ಬರೆಸಿಕೊಂಡು ಹೋಗಿ. "ಕೈ ಸರಿ ಮಾಡಿಕೊಂಡರೆ ಪರಿಹಾರ ಕಡಿಮೆಯಾಗುತ್ತೆ, ಫಿಸಿಯೋ ಬೇಡ" ಅಂತ ಸಲಹೆ ಕೊಡುವವರೂ ಇದ್ದಾರೆ. ದಯವಿಟ್ಟು ಕೇಳಬೇಡಿ. ಆ ಶೇಕಡಾ ಐದಕ್ಕೋ ಹತ್ತಕ್ಕೋ ಬರುವ ದುಡ್ಡು ನಿಮ್ಮ ಮಗುವನ್ನು ಎತ್ತಿಕೊಳ್ಳುವ ಕೈಯನ್ನು ವಾಪಸ್ ಕೊಡುವುದಿಲ್ಲ.

ಯಾವಾಗ ಕೆಲಸಕ್ಕೆ ಹೋಗಬಹುದು?

ಯಾವ ಕೆಲಸಕ್ಕೆ ಅಂತ ನಾನು ವಾಪಸ್ ಕೇಳುತ್ತೇನೆ. ಒಂದೇ ಮಣಿಕಟ್ಟು ಮುರಿತ, ಕ್ವಾಲಿಟಿ ಚೆಕಿಂಗ್ ಮಾಡುವವರು ಎರಡು ತಿಂಗಳಿಗೆ ಹೋಗಬಹುದು, ಎರಕದ ಶಾಪಿನಲ್ಲಿ ಅಚ್ಚು ಎತ್ತುವವರಿಗೆ ನಾಲ್ಕೈದು ತಿಂಗಳು ಹಿಡಿಯಬಹುದು. ಅದಕ್ಕೆ ನಿಮ್ಮ ಕೆಲಸವನ್ನು ನಮಗೆ ಬಿಡಿಸಿ ಹೇಳಿ. ಒಂದು ಪೀಸ್ ಎಷ್ಟು ಕೆಜಿ, ಶಿಫ್ಟಿಗೆ ಎಷ್ಟು ಪೀಸ್, ಕೈ ಭುಜದ ಮೇಲೆ ಹೋಗಬೇಕಾ, ನಿಂತೇ ಇರಬೇಕಾ. ನನ್ನ ಹತ್ತಿರ ಬರುವವರು ಮೊಬೈಲಿನಲ್ಲಿ ತಮ್ಮ ಮಷೀನಿನ ವಿಡಿಯೋ ತೋರಿಸುತ್ತಾರೆ, ಅದು ತುಂಬಾ ಉಪಯೋಗ. ಆ ಕೆಲಸದ ಚಲನೆಯನ್ನೇ ಕ್ಲಿನಿಕ್ಕಿನಲ್ಲಿ ಅಭ್ಯಾಸ ಮಾಡಿಸುತ್ತೇವೆ, ಮೊದಲು ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ.

ಮನೆಯಲ್ಲೇ ನೋಡಿಕೊಳ್ಳಿ: ಶರ್ಟಿನ ಗುಂಡಿ ಹಾಕಲು ಆಗುತ್ತಾ, ಟವೆಲ್ ಹಿಂಡಲು ಆಗುತ್ತಾ, ಅರ್ಧ ಬಕೆಟ್ ನೀರು ಎತ್ತಿ ಹತ್ತು ಹೆಜ್ಜೆ ನಡೆಯಲು ಆಗುತ್ತಾ, ಮರುದಿನ ಕೈ ಊದಲ್ವಾ. ಇಷ್ಟೂ ಆಗದಿದ್ದರೆ ಎಂಟು ಗಂಟೆಯ ಶಿಫ್ಟ್ ಆಗುವುದಿಲ್ಲ.

ಇನ್ನೊಂದು ಮಾತು, ನರ್ವ್ ನೋವಿಗೆ ಕೊಡುವ ಪ್ರೀಗಾಬಾಲಿನ್, ಗಾಬಾಪೆಂಟಿನ್ ಥರದ ಮಾತ್ರೆಗಳಿಂದ ತೂಕಡಿಕೆ ಬರುತ್ತದೆ. ಅದನ್ನು ತಗೊಂಡು ಮಷೀನ್ ಮುಂದೆ ನಿಲ್ಲುವ ಮೊದಲು ಡಾಕ್ಟರಿಗೆ ನಿಮ್ಮ ಕೆಲಸ ಏನು ಅಂತ ಹೇಳಿ.

ಪೂರ್ತಿ ಸರಿಹೋಗಿಲ್ಲ. ಲೈಟ್ ಡ್ಯೂಟಿ ಕೇಳಬಹುದಾ?

ಕೇಳಿ. ಪೂರ್ತಿ ವಾಸಿಯಾಗುವ ತನಕ ಮನೆಯಲ್ಲೇ ಕೂತರೆ ಮನಸ್ಸೂ ಕುಗ್ಗುತ್ತದೆ, ಕೈಯೂ ಸೋಮಾರಿಯಾಗುತ್ತದೆ. ಹಗುರ ಕೆಲಸದಿಂದ ಶುರು ಮಾಡುವುದು ಚಿಕಿತ್ಸೆಯ ಭಾಗವೇ ಅಂತ ನಾನು ನಂಬುತ್ತೇನೆ.

ಆದರೆ ಒಂದು ಕಷ್ಟ ಇದೆ. ಇಎಸ್‌ಐ ದುಡ್ಡು ನೀವು ಕೆಲಸ ಮಾಡಿ ಸಂಬಳ ತಗೊಂಡ ದಿನಕ್ಕೆ ಬರುವುದಿಲ್ಲ. ಅರ್ಧ ದಿನ ಕೆಲಸ, ಅರ್ಧ ದಿನ ಇಎಸ್‌ಐ ಅನ್ನುವ ವ್ಯವಸ್ಥೆ ನಮ್ಮಲ್ಲಿಲ್ಲ. ಇರಬೇಕಿತ್ತು. ಹಾಗಾಗಿ ಸರ್ಟಿಫಿಕೇಟ್ ಇರುವಾಗ "ಸುಮ್ನೆ ಬಂದು ಕೂತುಕೋ, ಪಂಚಿಂಗ್ ಮಾಡು" ಅಂದರೆ ಹೋಗಬೇಡಿ, ಆಮೇಲೆ ತೊಂದರೆ ನಿಮಗೇ. ಡಾಕ್ಟರಿಂದ ಫಿಟ್ನೆಸ್ ಸರ್ಟಿಫಿಕೇಟ್ ತಗೊಳ್ಳಿ, ಅದರಲ್ಲಿ ಬರೀ "ಫಿಟ್" ಅಂತ ಬೇಡ. "ಇಷ್ಟು ವಾರ 5 ಕೆಜಿಗಿಂತ ಹೆಚ್ಚು ಎತ್ತುವಂತಿಲ್ಲ, ಪ್ರೆಸ್ ಮೇಲೆ ಬೇಡ, ಓಟಿ ಬೇಡ, ವಾರಕ್ಕೆರಡು ದಿನ ಫಿಸಿಯೋಗೆ ಬಿಡಬೇಕು" ಅಂತ ಬರೆಸಿ. ಆ ಚೀಟಿ ಹಿಡಿದು ಎಚ್‌ಆರ್ ಹತ್ತಿರ ಪೂರ್ತಿ ಸಂಬಳದ ಹಗುರ ಕೆಲಸ ಮಾತಾಡಿಕೊಳ್ಳಿ: ಸ್ಟೋರ್ಸು, ಚೆಕಿಂಗ್, ಪ್ಯಾಕಿಂಗ್, ಹೊಸ ಹುಡುಗರಿಗೆ ಕಲಿಸುವುದು. ಸೂಪರ್‌ವೈಸರಿಗೂ ಒಂದು ಪ್ರತಿ ಕೊಡಿ. ಎಚ್‌ಆರ್ ಒಪ್ಪಿದ್ದು ಲೈನಿನಲ್ಲಿ ಯಾರಿಗೂ ಗೊತ್ತಿಲ್ಲದೆ ಮೊದಲ ದಿನವೇ ಟಾರ್ಗೆಟ್ ಕೊಟ್ಟುಬಿಡುವುದು ತುಂಬಾ ಸಲ ಆಗಿದೆ.

ಸರ್ಕಾರಿ ಸಂಸ್ಥೆಗಳಲ್ಲಿ ಇರುವವರಿಗೆ, ನಿಗಮಗಳ ಬಸ್ ಡ್ರೈವರುಗಳಿಗೂ ಸೇರಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ರಕ್ಷಣೆ ಇದೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದರೆ ಕೆಲಸದಿಂದ ತೆಗೆಯುವಂತಿಲ್ಲ, ಅದೇ ಸಂಬಳದಲ್ಲಿ ಬೇರೆ ಹುದ್ದೆ ಕೊಡಬೇಕು.

ಕೈ ಸರಿ ಇದೆ, ಆದರೆ ಆ ಮಷೀನ್ ಹತ್ತಿರ ಹೋದರೆ ಎದೆ ಹೊಡ್ಕೊಳ್ಳುತ್ತೆ. ಯಾರಿಗೆ ಹೇಳಲಿ?

ನನಗೆ ಹೇಳಿ. ನಿಮ್ಮ ಡಾಕ್ಟರಿಗೂ ಹೇಳಿ. ಇದನ್ನು ಗಂಡಸರು ಹೇಳುವುದೇ ಇಲ್ಲ. ಹಿಡಿತ ಚೆನ್ನಾಗಿದೆ, ಡ್ಯೂಟಿಗೆ ಹೋಗಿ ಅಂದರೆ "ಇನ್ನೊಂದು ವಾರ ನೋವಿದೆ ಮೇಡಂ" ಅನ್ನುತ್ತಾರೆ. ನಾಲ್ಕನೇ ವಾರ ಒಬ್ಬರು ತಲೆ ತಗ್ಗಿಸಿಕೊಂಡು, ಪ್ರೆಸ್ ಕೆಳಗೆ ಬರುವ ಸದ್ದು ರಾತ್ರಿ ನಿದ್ದೆಯಲ್ಲೂ ಕೇಳುತ್ತದೆ, ಕುಕ್ಕರ್ ಕೂಗಿದರೂ ಬೆಚ್ಚಿಬೀಳುತ್ತೇನೆ ಅಂದರು. ಅದು ಹೇಡಿತನ ಅಲ್ಲ, ಅಂಥದ್ದು ಆದ ಮೇಲೆ ಮನಸ್ಸು ಹಾಗೆ ಮಾಡುವುದು ಸಹಜ. ತಿಂಗಳು ಕಳೆದರೂ ನಿದ್ದೆ ಬಾರದಿದ್ದರೆ, ಕುಡಿತ ಜಾಸ್ತಿಯಾದರೆ, ಮನೋವೈದ್ಯರನ್ನು ನೋಡಿ. ಜಿಲ್ಲಾ ಆಸ್ಪತ್ರೆಗಳಲ್ಲೂ ಇದ್ದಾರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಗೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರೆಸ್ಸಿನ ಸದ್ದಿಗೆ ಬೆಚ್ಚುತ್ತಿದ್ದ ಅವರು ವಾಪಸ್ ಡ್ಯೂಟಿಗೆ ಹೋಗಿದ್ದು ಹೀಗೆ. ಮೊದಲ ದಿನ ಬರೀ ಗೆಳೆಯರನ್ನು ಮಾತಾಡಿಸಿ, ಕ್ಯಾಂಟೀನಿನಲ್ಲಿ ಟೀ ಕುಡಿದು ಬಂದರು. ಆಮೇಲೊಮ್ಮೆ ಮಷೀನ್ ಆಫ್ ಇದ್ದಾಗ ಮುಟ್ಟಿ ಬಂದರು. ಆಮೇಲೆ ಬೇರೆಯವರು ಓಡಿಸುವಾಗ ಪಕ್ಕದಲ್ಲಿ ನಿಂತರು. ಅವರ ಭಯಕ್ಕೆ ಕಾರಣವೂ ಇತ್ತು, ಆ ಪ್ರೆಸ್ಸಿಗೆ ಗಾರ್ಡ್ ಇರಲಿಲ್ಲ. ಎರಡು ಕೈಯಲ್ಲೂ ಒಟ್ಟಿಗೆ ಬಟನ್ ಒತ್ತಿದರೆ ಮಾತ್ರ ಇಳಿಯುವ ವ್ಯವಸ್ಥೆ, ಕೈ ಅಡ್ಡ ಬಂದರೆ ನಿಲ್ಲಿಸುವ ಸೆನ್ಸರ್ ಇರಬೇಕಿತ್ತು. ಅದೇ ಮಷೀನಿಗೆ ವಾಪಸ್ ಹೋಗುವ ಮೊದಲು ಅದು ಸರಿಯಾಗಿದೆಯಾ ಅಂತ ಕೇಳುವುದು ನಿಮ್ಮ ಹಕ್ಕು. ಸರಿಯಾಗಿಲ್ಲದಿದ್ದರೆ ನಿಮ್ಮ ಭಯವೇ ಸರಿ.

ಸೊಂಟ ಹಿಡಿದಿದೆ, ಭಾರ ಎತ್ತುವಾಗ. ಎಷ್ಟು ದಿನ ಮಲಗಬೇಕು?

ಒಂದೆರಡು ದಿನ, ಅದಕ್ಕಿಂತ ಜಾಸ್ತಿ ಬೇಡ. ಮಲಗಿದಷ್ಟೂ ಸೊಂಟ ಬಿಗಿಯುತ್ತದೆ. ನೋವಿದ್ದರೂ ಮನೆಯೊಳಗೆ ನಡೆದಾಡಿ. ಹೆಚ್ಚಿನವರಿಗೆ ಆರು ವಾರದೊಳಗೆ ಕಡಿಮೆಯಾಗುತ್ತದೆ. ಬೆಲ್ಟನ್ನು ತಿಂಗಳುಗಟ್ಟಲೆ ಹಾಕಬೇಡಿ. ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದೆ ನೆಲಕ್ಕೆ ಉಜ್ಜಿದರೆ ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ.

ಅಪಘಾತ ಏನೂ ಆಗಿಲ್ಲ. ಹೊಲಿಗೆ ಹಾಕೀ ಹಾಕೀ ಕುತ್ತಿಗೆ, ಕೈ ನೋವು.

ಗಾರ್ಮೆಂಟ್ಸಿನ ಅಕ್ಕಂದಿರ ಪ್ರಶ್ನೆ ಇದು. ಇಂಥ ದಿನ ಆಯ್ತು ಅಂತ ತೋರಿಸಲು ಆಗದ ನೋವಿಗೆ ಕೆಲಸದ ಪೆಟ್ಟಿನ ದುಡ್ಡು ಸಿಗುವುದು ಕಷ್ಟ. ಸಾಮಾನ್ಯವಾಗಿ ಕಾಯಿಲೆ ರಜೆಯಲ್ಲಿ ಹಾಕುತ್ತಾರೆ. ಅದು ಸಂಬಳದ ಶೇ 70, ವರ್ಷಕ್ಕೆ 91 ದಿನ. ನೋವು ಶುರುವಾದಾಗಲೇ ಬನ್ನಿ, ಕೈ ಮರಗಟ್ಟಿ ರಾತ್ರಿ ಎಚ್ಚರವಾಗುವ ತನಕ ಕಾಯಬೇಡಿ. ಕುರ್ಚಿ ಎತ್ತರ, ಪೆಡಲ್ ದೂರ ಸರಿಮಾಡಿಸಿಕೊಳ್ಳಿ. ನೀರು ಕುಡಿಯಿರಿ, ಟಾಯ್ಲೆಟ್ಟಿಗೆ ಎದ್ದುಹೋಗಿ. ಎದ್ದರೆ ಬೈಯುತ್ತಾರೆ ಅಂತ ನೀರೇ ಕುಡಿಯದಿರುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊದಲ ದಿನ ಡ್ಯೂಟಿಗೆ ಹೋಗುವಾಗ ಏನು ನೆನಪಿಡಬೇಕು?

ಫಿಟ್ನೆಸ್ ಚೀಟಿಯ ಎರಡು ಪ್ರತಿ, ಫಿಸಿಯೋ ಅಪಾಯಿಂಟ್‌ಮೆಂಟ್ ಕಾರ್ಡು. ತಿರುಗುವ ಮಷೀನ್ ಹತ್ತಿರ, ಲೇತಾಗಲಿ ಡ್ರಿಲ್ಲಾಗಲಿ, ಕೈಗೆ ಕ್ರೇಪ್ ಬ್ಯಾಂಡೇಜು, ಸ್ಲಿಂಗ್, ಗ್ಲೌಸ್ ಯಾವುದೂ ಬೇಡ, ಬಟ್ಟೆ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಬ್ಯಾಂಡೇಜು ಇನ್ನೂ ಬೇಕು ಅಂದರೆ ಆ ಮಷೀನಿಗೆ ಇನ್ನೂ ಟೈಮ್ ಆಗಿಲ್ಲ. ಹೊಸ ಚರ್ಮಕ್ಕೆ ಕೂಲಂಟ್, ಆಯಿಲ್ ತಾಗಿದರೆ ಬೇಗ ಸೋಪು ಹಾಕಿ ತೊಳೆಯಿರಿ. ಡಿಸೆಂಬರ್ ಬೆಳಿಗ್ಗೆ ಚಳಿಗೆ ಪೆಟ್ಟಾದ ಬೆರಳು ಸೆಟೆದುಕೊಳ್ಳುತ್ತದೆ, ಶಿಫ್ಟಿಗೆ ಮೊದಲು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಎರಡು ಗಂಟೆಗೊಮ್ಮೆ ಕೈ ಮೇಲೆತ್ತಿ ಹತ್ತು ಸಲ ಮುಷ್ಟಿ ಹಿಡಿದು ಬಿಡಿ. ಸಂಜೆ ಸ್ವಲ್ಪ ಊದೇ ಊದುತ್ತದೆ, ಗಾಬರಿ ಬೇಡ, ಎರಡು ದಿಂಬಿನ ಮೇಲೆ ಕೈ ಇಟ್ಟು ಮಲಗಿ. ಬೆಳಿಗ್ಗೆಗೂ ಇಳಿಯದಿದ್ದರೆ ಫೋನ್ ಮಾಡಿ.